ಗುಡ್ಡದ ದಾರಿಯೂ ಮಣ್ಣೇ ಅಲ್ಲವೆ?

ಕಳೆದ ಚೈತ್ರದಲ್ಲಿ ನಮ್ಮ ಬಳಗದ ಒಂದು ದಿನದ ಚಾರಣಕ್ಕೆ ಕೊಡಚಾದ್ರಿಯನ್ನು ಆರಿಸಿದಾಗ ಅದನ್ನು ಬೆಂಬಲಿಸಿ ಮಾತನಾಡಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಮುಂದೆ ಬರೆಯಲಿರುವ ಆಕ್ಷೇಪಗಳಲ್ಲಿ ಮೊದಲ ಪಾಲು ನನಗೇ ಸಲ್ಲಬೇಕು. ಮಣ್ಣುವಿಜ್ಞಾನ ಓದಿ, ಇಪ್ಪತ್ತು ವರ್ಷ ರೈತರಿಗೆ ಮಣ್ಣು ಉಳಿಸುವ ಪಾಠ ಹೇಳಿದವನು, ನಲವತ್ತಕ್ಕೂ ಹೆಚ್ಚು ಜನರನ್ನು ಕಟ್ಟಿಕೊಂಡು ಹಸಿ ಮಣ್ಣಿನ ಇಳಿಜಾರನ್ನು ಹತ್ತಿದ್ದೇನೆ. ಇದನ್ನು ಮುಚ್ಚಿಟ್ಟು ಬೇರೆಯವರತ್ತ ಬೆರಳು ತೋರಿಸುವುದು ಅಪ್ರಾಮಾಣಿಕತೆಯಾದೀತು.

ಅಂದು ಬೆಳಗ್ಗೆ ಏಳಕ್ಕೆ ಹಿಡ್ಲುಮನೆ ಅಬ್ಬಿಯ ಬದಿಯಿಂದ ಏರತೊಡಗಿದೆವು. ತಂಡದಲ್ಲಿ ಅರ್ಧಕ್ಕರ್ಧ ಕಾಲೇಜು ವಿದ್ಯಾರ್ಥಿಗಳು. ಎರಡು ದಿನ ಮೊದಲು ರೇವತಿ ಮಳೆ ಗುಡುಗು-ಸಿಡಿಲಿನೊಂದಿಗೆ ಒಂದು ತಾಸು ರಭಸವಾಗಿ ಸುರಿದಿತ್ತು. ಕಾಡಿನೊಳಗೆ ದರಗೆಲೆಯ ಹಾಸು ಒದ್ದೆಯಾಗಿ ಹಿತವಾದ ವಾಸನೆ ಹೊರಡಿಸುತ್ತಿತ್ತು. ಹೊಸ ಚಿಗುರಿನ ಕೆಂಪು ಮರಮರದಲ್ಲೂ ಕಾಣುತ್ತಿತ್ತು. ಹುಡುಗರು ಮೇಲೆ ನೋಡುತ್ತಿದ್ದರು. ವೃತ್ತಿಯ ದೋಷದಿಂದ ನಾನು ಕೆಳಗೆ ನೋಡುತ್ತಿದ್ದೆ.

ಕೆಳಗೆ ಕಂಡದ್ದು ಇದು. ದಾರಿಯ ನಡುವೆ ದರಗೆಲೆಯ ಒಂದು ಚೂರೂ ಇರಲಿಲ್ಲ. ಎರಡೂ ಬದಿಯಲ್ಲಿ ಅಂಗೈ ದಪ್ಪದ ಹಾಸು, ನಡುವೆ ಮಾತ್ರ ಸಿಮೆಂಟು ಮೆತ್ತಿದಂತೆ ನುಣುಪಾದ ಕೆಂಪು ನೆಲ. ಮರಗಳ ಬೇರುಗಳು ಮೆಟ್ಟಿಲಿನಂತೆ ಮೇಲೆದ್ದು, ಬೂಟಿನ ಅಡಿ ಸವೆದು ಸಿಪ್ಪೆ ಕಳೆದುಕೊಂಡಿದ್ದವು. ಇಳಿಜಾರು ಹೆಚ್ಚಿದ ಕಡೆ ದಾರಿ ದಾರಿಯಾಗಿ ಉಳಿಯದೆ ಕೊರಕಲಾಗಿತ್ತು. ಒಂದೆಡೆ ನನ್ನ ಊರುಗೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಪಕ್ಕದ ಕಾಡುನೆಲದ ಮಟ್ಟಕ್ಕೆ ಬರಲಿಲ್ಲ. ತಿರುವುಗಳಿರುವಲ್ಲೆಲ್ಲ ತಿರುವನ್ನು ಬಿಟ್ಟು ನೇರವಾಗಿ ಕಡಿದು ಇಳಿಯುವ ಅಡ್ಡದಾರಿಗಳು. ಕಾಡು ಮುಗಿದು ಹುಲ್ಲುಗಾವಲು ಬಂದ ಮೇಲಂತೂ ಒಂದು ದಾರಿಯಲ್ಲ, ಮೂರು-ನಾಲ್ಕು ದಾರಿಗಳು ಅಕ್ಕಪಕ್ಕ ಹರಿದಿದ್ದವು. ಮೊದಲನೆಯದು ಕೊರಕಲಾದಾಗ ಜನ ಅದರ ಅಂಚಿಗೆ ಬಂದರು. ಅಂಚು ಸವೆದಾಗ ಅದರ ಆಚೆ ಬದಿಗೆ ಹೋದರು. ಹೀಗೆ ದಾರಿ ಹುಲ್ಲನ್ನು ತಿನ್ನುತ್ತ ಅಗಲವಾಗುತ್ತದೆ.

ಮಧ್ಯಾಹ್ನ ಇಳಿಯುವಾಗ ಹುಡುಗಿಯೊಬ್ಬಳು ಜಾರಿ ಬಿದ್ದು ಮೊಣಕೈ ತರಚಿಕೊಂಡಳು. ಅವಳ ಹಿಂದಿದ್ದವರೆಲ್ಲ ಆ ಜಾಗವನ್ನು ತಪ್ಪಿಸಲು ಬಲಬದಿಯ ಹುಲ್ಲಿನ ಮೇಲೆ ಇಳಿದರು. ನಾನೂ ಇಳಿದೆ. ಹತ್ತು ನಿಮಿಷದೊಳಗೆ ನಮ್ಮ ಕಣ್ಣೆದುರಿಗೇ ಹೊಸದೊಂದು ದಾರಿ ಹುಟ್ಟಿತು. ಅದನ್ನು ಹುಟ್ಟಿಸಿದವರು ಪರಿಸರಾಸಕ್ತರು, ಬೆನ್ನಮೇಲೆ ಕಾಡು ಉಳಿಸಿ ಎಂಬ ಬರಹದ ಅಂಗಿ ತೊಟ್ಟವರು.

ಸಂಜೆ ತಪ್ಪಲಿನಲ್ಲಿ ಪರಿಚಯದ ಹಿರಿಯ ಕೃಷಿಕರೊಬ್ಬರ ಮನೆಯಲ್ಲಿ ಕಾಫಿ. ಅವರು ತೋಟದ ಮೇಲ್ತುದಿಯಲ್ಲಿ ನೀರಿನ ತೊಟ್ಟಿಯ ಹೂಳು ತೆಗೆಯುತ್ತಿದ್ದರು. ಮೊದಲು ಅಡಿಕೆ ದಬ್ಬೆಯಲ್ಲಿ ಬರುತ್ತಿದ್ದ ಅಬ್ಬಿನೀರು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಒಂದು ಬುಟ್ಟಿ ಕೆಸರನ್ನು ನನ್ನ ಮುಂದೆ ಸುರಿದು, "ನೀವು ಮಣ್ಣಿನ ಡಾಕ್ಟ್ರಲ್ವಾ ಮಾರಾಯ್ರೇ, ಇದು ಎಲ್ಲಿಯ ಮಣ್ಣು ಹೇಳಿ ನೋಡಣ" ಅಂದರು. ನಾನು ಉತ್ತರಿಸಲಿಲ್ಲ. ಅದೇ ಬಣ್ಣದ ಕೆಸರು ನನ್ನ ಬೂಟಿಗೆ ಮೆತ್ತಿತ್ತು.

ತೊಟ್ಟಿಯ ಹೂಳೆಲ್ಲ ಚಾರಣಿಗರಿಂದಲೇ ಬಂದದ್ದೆಂದು ನಾನು ಹೇಳುತ್ತಿಲ್ಲ. ಗುಡ್ಡವನ್ನು ಏರುವ ಜೀಪು ದಾರಿ ಇನ್ನೊಂದು ದೊಡ್ಡ ಗಾಯ. ಅದನ್ನು ಮೊದಲ ಸಲ ಕಂಡವರು ಇದು ರಸ್ತೆಯೋ ಹಳ್ಳದ ಪಾತ್ರವೋ ಎಂದು ಕೇಳುತ್ತಾರೆ. ಆದರೆ ಜೀಪಿನ ವಿರುದ್ಧ ನಾವು ಸಾಕಷ್ಟು ಬರೆದಿದ್ದೇವೆ. ನಮ್ಮ ಕಾಲಿನ ಬಗ್ಗೆ ಇದುವರೆಗೆ ಒಂದು ಸಾಲನ್ನೂ ಬರೆದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಮೀಟರು ಅಗಲ, ಐದು ಕಿಲೋಮೀಟರು ಉದ್ದದ ಕಾಲುದಾರಿಯೆಂದರೆ 5000 ಚದರ ಮೀಟರು, ಅಂದರೆ ಒಂದೂಕಾಲು ಎಕರೆ ಬತ್ತಲೆ ನೆಲ. ವರ್ಷಕ್ಕೆ 5000 ಮಿಲಿಮೀಟರು ಮಳೆ ಬೀಳುವ ಘಟ್ಟದಂಚಿನಲ್ಲಿ ಆ ದಾರಿಯೊಂದರ ಮೇಲೆಯೇ ಎರಡೂವರೆ ಕೋಟಿ ಲೀಟರು ನೀರು ಬೀಳುತ್ತದೆ. ಪಕ್ಕದ ಇಳಿಜಾರಿನಿಂದ ಬಂದು ಸೇರುವ ನೀರು ಇದರಲ್ಲಿ ಸೇರಿಲ್ಲ. ದಾರಿಯ ಮೇಲಿನಿಂದ ಒಂದೇ ಒಂದು ಸೆಂಟಿಮೀಟರು ಮಣ್ಣು ತೊಳೆದುಹೋದರೆ 50 ಘನಮೀಟರು, ಸುಮಾರು 65 ಟನ್ನು, ಆರು ಲಾರಿ ಲೋಡು ಮಣ್ಣು ಹಳ್ಳ ಸೇರಿದಂತಾಯಿತು. ಯಾರಾದರೂ ಅಭಯಾರಣ್ಯದಿಂದ ಒಂದೇ ಲೋಡು ಮಣ್ಣನ್ನು ಲಾರಿಯಲ್ಲಿ ಸಾಗಿಸಲಿ, ಮರುದಿನ ನಾವೆಲ್ಲ ಚೆಕ್‌ಪೋಸ್ಟಿನ ಮುಂದೆ ಧರಣಿ ಕೂರುತ್ತೇವೆ.

ಮೆಟ್ಟಿದ ಮಣ್ಣಿನಲ್ಲಿ ನಡೆಯುವುದೇನು ಎಂಬುದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ನಮ್ಮ ಗದ್ದೆಯೇ ಸಾಕು. ನಾಟಿಗೆ ಮುಂಚೆ ಕೆಸರುಗದ್ದೆಯನ್ನು ಏಕೆ ತುಳಿದು ಹದಮಾಡುತ್ತೇವೆ? ಮಣ್ಣಿನ ರಂಧ್ರಗಳನ್ನು ಮುಚ್ಚಿ ನೀರು ಇಂಗದಂತೆ ಮಾಡುವುದಕ್ಕೆ. ಅದೇ ಕೆಲಸವನ್ನು ಬೂಟು ಗುಡ್ಡದ ಮೇಲೆ ಮಾಡುತ್ತದೆ. ಕಾಡಿನ ಮೇಲ್ಮಣ್ಣು ಸ್ಪಂಜಿನಂತೆ ಹಗುರ. ಎರೆಹುಳು, ಬೇರು, ಕೊಳೆತ ಎಲೆಗಳು ಸೇರಿ ಕಟ್ಟಿದ ಮನೆ ಅದು. ಒಣಗಿದ್ದಾಗ ಸ್ವಲ್ಪಮಟ್ಟಿಗೆ ಭಾರ ತಾಳುತ್ತದೆ. ಒದ್ದೆಯಾದಾಗ ಅದರ ಹಂದರ ಕುಸಿಯುತ್ತದೆ. ಇಂಗಬೇಕಾದ ನೀರು ಮೇಲೆಯೇ ಓಡುತ್ತದೆ. ಓಡುವ ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆಂಬುದು ಹಳೆಯ ಪಠ್ಯಪುಸ್ತಕದ ಮಾತು. ಕೊರಕಲಿನಲ್ಲಿ ನೀರು ಒಟ್ಟುಗೂಡಿದಷ್ಟೂ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ಕೊರಕಲು ಆಳ. ಇಲ್ಲಿ ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ಶತಮಾನಗಳೇ ಬೇಕು, ಹೋಗಲು ಒಂದು ಭರಣಿ ಮಳೆ ಸಾಕು.

ಋತುವಿನ ಮಾತು ಇಲ್ಲಿ ಮುಖ್ಯ. ಆಷಾಢದ ಜಡಿಮಳೆಯಲ್ಲಿ ಗುಡ್ಡ ಹುಲ್ಲು ಹೊದ್ದಿರುತ್ತದೆ, ಹನಿಯ ಹೊಡೆತವನ್ನು ಹುಲ್ಲು ತಡೆಯುತ್ತದೆ. ಚೈತ್ರ-ವೈಶಾಖದಲ್ಲಿ ಹಾಗಲ್ಲ. ಕರಡ ಒಣಗಿ ಮುರಿದಿದೆ, ಕೆಲವೆಡೆ ಸುಟ್ಟಿದೆ, ಹೊಸ ಬೇರು ಇನ್ನೂ ಮೂಡಿಲ್ಲ. ನಾಲ್ಕು ತಿಂಗಳ ಕಾಲ ಕಾಲಿನಡಿ ಪುಡಿಯಾದ ಮಣ್ಣು ಹಿಟ್ಟಿನಂತೆ ಮೇಲೆ ಕುಳಿತಿದೆ. ಅದರ ಮೇಲೆ ರೇವತಿ, ಅಶ್ವಿನಿ, ಭರಣಿಯ ದಪ್ಪ ಹನಿಗಳು ಹೊಡೆಯುತ್ತವೆ. ವರ್ಷದಲ್ಲಿ ಗುಡ್ಡದ ಮೈ ಅತ್ಯಂತ ಬರಿದಾಗಿರುವ ಕಾಲವೇ ಇದು. ನಾವು ನಮ್ಮ ವಾರ್ಷಿಕ ಚಾರಣಕ್ಕೆ ಆರಿಸುವುದೂ ಇದೇ ಕಾಲವನ್ನು; ಏಕೆಂದರೆ ಪರೀಕ್ಷೆ ಮುಗಿದಿರುತ್ತದೆ, ಇಂಬಳ ಇರುವುದಿಲ್ಲ.

ಈಗ ಪ್ರತಿವಾದಗಳಿಗೆ ಬರುತ್ತೇನೆ.

ಮೊದಲನೆಯದು ಫಲಕದ ಮಾತು. ಹೆಜ್ಜೆಗುರುತಿನ ಹೊರತು ಏನನ್ನೂ ಬಿಟ್ಟುಬರಬೇಡಿ ಎಂದು ಚಾರಣದ ಬಾಗಿಲುಗಳಲ್ಲೆಲ್ಲ ಬರೆದಿರುತ್ತದೆ. ನಾವೂ ನಮ್ಮ ಶಿಬಿರಗಳಲ್ಲಿ ಇದನ್ನೇ ಹೇಳಿಸುತ್ತೇವೆ. ಈ ಮಾತು ಪ್ಲಾಸ್ಟಿಕ್ಕಿನ ಮಟ್ಟಿಗೆ ಸರಿ. ಪ್ಲಾಸ್ಟಿಕ್ಕನ್ನು ಹೆಕ್ಕಿ ಕೆಳಗೆ ತರಬಹುದು. ಹೆಜ್ಜೆಯನ್ನು ಯಾರು ಹೆಕ್ಕಬೇಕು? ಹತ್ತು ಕಿಲೋಮೀಟರು ಹೋಗಿಬರುವ ದಾರಿಯಲ್ಲಿ ಒಬ್ಬನ ಹೆಜ್ಜೆಗಳು ಸುಮಾರು 16 ಸಾವಿರ. 300 ಮಂದಿಗೆ ಸುಮಾರು 48 ಲಕ್ಷ. ಒಂದು ದಿನಕ್ಕೆ.

300 ಎಂಬ ಸಂಖ್ಯೆಯನ್ನು ನಾನು ಗಾಳಿಯಿಂದ ಹಿಡಿದದ್ದಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಮಂದಿ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಬಳಿಕ ಅದೇ ವರ್ಷ ಬುಕಿಂಗ್ ವ್ಯವಸ್ಥೆ ಬಂತು, ದಾರಿಯೊಂದಕ್ಕೆ ದಿನಕ್ಕೆ 300 ಎಂಬ ಮಿತಿಯೂ ಬಂತು. ಮಿತಿಯಿಲ್ಲದಿದ್ದ ಕಡೆ ಮಿತಿ ಬಂದದ್ದು ಒಳ್ಳೆಯದೇ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮಣ್ಣಿಗೆ ಸಂಖ್ಯೆ ಓದಲು ಬರುವುದಿಲ್ಲ. ಒಣ ಪುಷ್ಯಮಾಸದಲ್ಲೂ 300, ಮಳೆ ಬಿದ್ದ ಮರುದಿನವೂ 300 ಎಂದರೆ ಹೇಗೆ? ಒದ್ದೆ ನೆಲದ ಮೇಲೆ ನಡೆದ ಐವತ್ತು ಮಂದಿ ಒಣನೆಲದ ಮುನ್ನೂರು ಮಂದಿಗಿಂತ ಹೆಚ್ಚು ಕೆಡಿಸಬಲ್ಲರು. ಬೇಸಾಯ ಮಾಡುವ ಯಾರನ್ನಾದರೂ ಕೇಳಿ, ಹದ ಬಾರದೆ ಹೊಲಕ್ಕೆ ಇಳಿಯುವುದಿಲ್ಲ. ಗುಡ್ಡಕ್ಕೂ ಹದವೆಂಬುದಿದೆ. ಗಟ್ಟಿಮಳೆ ಬಿದ್ದ ಮೇಲೆ ಎರಡು-ಮೂರು ದಿನ ದಾರಿ ಮುಚ್ಚಿ, ಟಿಕೆಟಿನ ಹಣ ಮರಳಿಸುವ ಏರ್ಪಾಡು ಅಸಾಧ್ಯವೇನಲ್ಲ. ಕಾಳ್ಗಿಚ್ಚಿನ ಭಯಕ್ಕೆ ಬೇಸಗೆಯಲ್ಲಿ ದಾರಿ ಮುಚ್ಚುವ ರೂಢಿ ಇದ್ದೇ ಇದೆ. ಬೆಂಕಿ ಕಣ್ಣಿಗೆ ಕಾಣುತ್ತದೆ, ಸವಕಳಿ ಕಾಣುವುದಿಲ್ಲ, ಇಷ್ಟೇ ಭೇದ.

ಎರಡನೆಯ ವಾದ ನಮ್ಮವರದೇ. ಚಾರಣದಿಂದ ಯುವಜನರಲ್ಲಿ ಕಾಡಿನ ಪ್ರೀತಿ ಹುಟ್ಟುತ್ತದೆ, ಹೋರಾಟಕ್ಕೆ ಕಾರ್ಯಕರ್ತರು ಸಿಗುತ್ತಾರೆ ಎಂದು ಹಿರಿಯ ಗೆಳೆಯರೊಬ್ಬರು ಸಭೆಯಲ್ಲಿ ವಾದಿಸಿದರು. ಅವರ ಮೇಲಿನ ಗೌರವವನ್ನು ಉಳಿಸಿಕೊಂಡೇ ಹೇಳುತ್ತೇನೆ, ಇದು ಅರ್ಧಸತ್ಯ. ಕುದುರೆಮುಖದ ಗಣಿಯಿಂದ ಭದ್ರೆಗೆ ಇಳಿಯುತ್ತಿದ್ದ ಹೂಳಿನ ವಿರುದ್ಧ ನಮ್ಮ ಹಿಂದಿನ ತಲೆಮಾರು ಊರೂರು ಅಲೆಯಿತು. 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಅಂದು ನಮ್ಮ ವಾದದ ಬೆನ್ನೆಲುಬು ಇದ್ದದ್ದು ಮಣ್ಣಿನ ಲೆಕ್ಕದಲ್ಲಿ, ಎಷ್ಟು ಮಣ್ಣು ಎಷ್ಟು ನೀರಿನೊಂದಿಗೆ ಹರಿಯುತ್ತಿದೆ ಎಂಬುದರಲ್ಲಿ. ಗಣಿಯನ್ನೂ ಕಾಲುದಾರಿಯನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಡುವಷ್ಟು ಮತಿಗೆಟ್ಟವನಲ್ಲ ನಾನು. ಆದರೆ ಕಂಪೆನಿಯ ಹೂಳನ್ನು ಅಳೆದ ಕೋಲಿನಿಂದ ನಮ್ಮ ಹೂಳನ್ನು ಅಳೆಯಲು ಹಿಂಜರಿದರೆ, ನಾಳೆ ನಮ್ಮ ಲೆಕ್ಕವನ್ನು ಯಾರು ನಂಬುತ್ತಾರೆ?

ಇದರಲ್ಲಿ ಇನ್ನೊಂದು ಅನ್ಯಾಯವಿದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. 2000ದ ಫೆಬ್ರವರಿ 14ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಸತ್ತ ಮರವನ್ನಾಗಲಿ ಹುಲ್ಲನ್ನಾಗಲಿ ತೆಗೆಯುವಂತಿಲ್ಲ. ತಪ್ಪಲಿನ ಹೆಂಗಸು ಒಂದು ಹೊರೆ ಕರಡ ತಂದರೆ ಅದು ಅಪರಾಧ. ಅದೇ ಕರಡದ ಗುಡ್ಡವನ್ನು ನಗರದಿಂದ ಬಂದವನು ಶುಲ್ಕ ಕಟ್ಟಿ ತುಳಿದರೆ ಅದು ಪರಿಸರ ಪ್ರವಾಸೋದ್ಯಮ. ಹೊರೆ ಹುಲ್ಲು ಮುಂದಿನ ಮಳೆಗೆ ಮತ್ತೆ ಬೆಳೆಯುತ್ತದೆ. ತುಳಿದು ಹೋದ ಮಣ್ಣು ಬೆಳೆಯುವುದಿಲ್ಲ.

ಇನ್ನು ಮೂರನೆಯ ವಾದ, ಅತ್ಯಂತ ಅಪಾಯಕಾರಿಯಾದದ್ದು. ದಾರಿ ಕೆಟ್ಟಿದೆಯೇ? ಹಾಗಾದರೆ ಕಾಂಕ್ರೀಟು ಮೆಟ್ಟಿಲು ಕಟ್ಟಿ. ಇಲ್ಲವೇ ರೋಪ್‌ವೇ ಹಾಕಿ, ಯಾರೂ ನಡೆಯಬೇಕಿಲ್ಲ! 2022-23ರ ಕೇಂದ್ರ ಬಜೆಟ್ಟಿನಲ್ಲಿ ಪರ್ವತಮಾಲಾ ಎಂಬ ರೋಪ್‌ವೇ ಕಾರ್ಯಕ್ರಮ ಘೋಷಣೆಯಾದ ಬಳಿಕ ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಹಾಕುವ ಪ್ರಸ್ತಾವವೂ ಮೇಲೆದ್ದುದನ್ನು ಓದುಗರು ಬಲ್ಲರು. ಅದರ ಪರವಾಗಿ ಮಾತನಾಡುವವರು ಕೆಟ್ಟ ದಾರಿಯನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಮುದುಕರು, ಮಕ್ಕಳು, ಸರ್ವಜ್ಞಪೀಠಕ್ಕೆ ಬರುವ ಭಕ್ತರು ಈ ಕೊರಕಲಿನಲ್ಲಿ ಹೇಗೆ ಹತ್ತಬೇಕು ಎಂದು ಕೇಳುತ್ತಾರೆ. ಭಕ್ತರ ಕಷ್ಟ ನಿಜ, ಅದನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲ. ಆದರೆ ರೋಪ್‌ವೇ ಜನರನ್ನು ಇಳಿಸುವುದು ಎಲ್ಲಿ? ಮಣ್ಣು ಅತ್ಯಂತ ತೆಳುವಾಗಿರುವ, ಗಾಳಿ ಅತ್ಯಂತ ಬಿರುಸಾಗಿರುವ 1343 ಮೀಟರು ಎತ್ತರದ ನೆತ್ತಿಯಲ್ಲಿ. ಇಂದು ದಾರಿಯ ಕಷ್ಟವೇ ಜನರನ್ನು ಸೋಸುವ ಜರಡಿ. ಜರಡಿ ತೆಗೆದರೆ ಮೇಲೆ ಬರುವವರು ಎಷ್ಟು ಪಟ್ಟಾಗಬಹುದು ಎಂಬುದನ್ನು ನೀವೇ ಊಹಿಸಿ. ಹತ್ತುವಾಗ ಉಳಿದ ಮಣ್ಣು ನೆತ್ತಿಯಲ್ಲಿ ಹೋಗುತ್ತದೆ. ಸೌಪರ್ಣಿಕೆ ಹುಟ್ಟುವುದು ಅದೇ ಗುಡ್ಡದ ಒಡಲಿನಲ್ಲಿ.

ಕಾಂಕ್ರೀಟು ಮೆಟ್ಟಿಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರು ಅದರ ಮೇಲೆ ಇನ್ನೂ ಬೇಗ ಓಡಿ, ಅಂಚಿನಲ್ಲಿ ಮಣ್ಣು ಕೊರೆದು, ನಾಲ್ಕೈದು ಮಳೆಗಾಲದಲ್ಲಿ ಮೆಟ್ಟಿಲು ತೂಗಾಡತೊಡಗುತ್ತದೆ. ಗುತ್ತಿಗೆದಾರನಿಗೆ ಮಾತ್ರ ಅದು ಶಾಶ್ವತ ಆದಾಯ.

ಹಾಗಾದರೆ ಚಾರಣವನ್ನೇ ನಿಲ್ಲಿಸಬೇಕೆ? ಸಭೆಯಲ್ಲಿ ನನ್ನನ್ನು ಹೀಗೆ ಕೆಣಕಿದರು. ಇಲ್ಲ. ಮನುಷ್ಯ ಗುಡ್ಡ ಹತ್ತುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ನಮ್ಮ ಘಟ್ಟದ ಹಳೆಯ ಕಾಲುದಾರಿಗಳಲ್ಲಿ ಅಕ್ಕಿ, ಉಪ್ಪು ಹೊತ್ತು ತಲೆಮಾರುಗಳ ಕಾಲ ಜನ ನಡೆದರು. ಆ ದಾರಿಗಳು ಕೊರಕಲಾಗದೆ ಏಕೆ ಉಳಿದವು? ತಲೆಹೊರೆ ಹೊತ್ತವನು ನೆಟ್ಟಗೆ ಏರುವುದಿಲ್ಲ, ಗುಡ್ಡದ ಮೈಗೆ ಓರೆಯಾಗಿ ಸುತ್ತಿ ಏರುತ್ತಾನೆ. ಓರೆಯಾದ ದಾರಿಯಲ್ಲಿ ನೀರು ಓಡುವುದಿಲ್ಲ, ಅಡ್ಡ ದಾಟುತ್ತದೆ. ಕೈಬೀಸಿಕೊಂಡು ಬರುವ ನಮಗೆ ಮಾತ್ರ ನೇರದಾರಿಯ ಅವಸರ. ಜೊತೆಗೆ, ಆ ದಾರಿಗಳನ್ನು ನೋಡಿಕೊಳ್ಳುವವರಿದ್ದರು. ಮುಂಗಾರಿಗೆ ಮುಂಚೆ ತೋಟದ ದಾರಿಗೆ ಅಡ್ಡಗಾಲುವೆ ಕಡಿಯುವುದು ಮಲೆನಾಡಿನ ಪ್ರತಿ ಮನೆಯಲ್ಲೂ ಇಂದಿಗೂ ಇರುವ ರೂಢಿ. ದಾರಿಗೆ ಓರೆಯಾಗಿ ಕಲ್ಲಿನ ಸಣ್ಣ ಒಡ್ಡು, ಅದರ ಬಾಯಿ ದರಗೆಲೆಯಿರುವ ಕಾಡಿನತ್ತ. ನೀರು ಬಲಿಯುವ ಮೊದಲೇ ಅದನ್ನು ದಾರಿಯಿಂದ ಆಚೆ ಕಳುಹಿಸುವುದು, ಅಷ್ಟೇ ವಿದ್ಯೆ. ಇದಕ್ಕೆ ಸಿಮೆಂಟು ಬೇಡ, ಟೆಂಡರು ಬೇಡ, ನನ್ನಂಥ ಪಿಎಚ್.ಡಿ.ಯವನೂ ಬೇಡ.

ಆದ್ದರಿಂದ ನಾನು ಕೇಳುವುದು ಸರಳ. ಚಾರಣದ ಶುಲ್ಕದಲ್ಲಿ ಒಂದು ನಿಶ್ಚಿತ ಪಾಲು ದಾರಿಯ ದುರಸ್ತಿಗೇ ಮೀಸಲಾಗಲಿ, ಆ ಕೆಲಸ ತಪ್ಪಲಿನ ಹಳ್ಳಿಗಳವರಿಗೆ ಕೂಲಿ ಸಹಿತ ಸಿಗಲಿ. ಅಡ್ಡದಾರಿಗಳ ಬಾಯಿಗೆ ಬಿದ್ದ ಮರ, ಮುಳ್ಳು ಅಡ್ಡ ಹಾಕಿ ಮೂರು ಮಳೆಗಾಲ ಮುಚ್ಚಿಡಲಿ, ಹುಲ್ಲು ತಾನೇ ಮರಳುತ್ತದೆ. ಹದ ನೋಡಿ ದಾರಿ ತೆರೆಯುವ ಅಧಿಕಾರ ಸ್ಥಳದಲ್ಲಿರುವ ಕಾವಲುಗಾರನಿಗೆ ಇರಲಿ, ದೂರದ ಕಂಪ್ಯೂಟರಿಗಲ್ಲ. ಈ ವಿಷಯವನ್ನು ಎತ್ತಿದಾಗ ಅಧಿಕಾರಿಯೊಬ್ಬರು ನಕ್ಕು, "ಕಾಲುದಾರಿಗೆ ಯಾರ ದೂರೂ ಇಲ್ಲವಲ್ಲ ಸಾರ್" ಅಂದರು. ಅವರ ಮಾತು ಸರಿ. ದೂರು ಕೊಡಬೇಕಾದವರು ನಾವು. ನಾವು ದಾರಿಯ ಮೇಲಿದ್ದೆವು.

ನಮ್ಮ ಬಳಗದ ಮಟ್ಟಿಗೆ ನನ್ನ ಸೂಚನೆ ಬೇರೆ ಇದೆ. ಈ ವರ್ಷದ ಚೈತ್ರ ಚಾರಣವನ್ನು ಕೈಬಿಡೋಣ. ಹೋಗಲೇಬೇಕೆಂದರೆ ಮಾರ್ಗಶಿರ-ಪುಷ್ಯದಲ್ಲಿ ಹೋಗೋಣ, ಹದಿನೈದಕ್ಕಿಂತ ಹೆಚ್ಚು ಜನ ಬೇಡ. ಹಿಂದಿನ ಮೂರು ದಿನಗಳಲ್ಲಿ ಮಳೆಯಾಗಿದ್ದರೆ ಬಸ್ಸಿನ ಮುಂಗಡ ಹೋದರೂ ಸರಿ, ತಪ್ಪಲಿನ ಕೆರೆ ನೋಡಿ ಮರಳೋಣ. ಜಾರುವ ಜಾಗ ಬಂದರೆ ಅಂಚಿನ ಹುಲ್ಲಿಗೆ ಇಳಿಯದೆ ಕೆಸರಿನಲ್ಲೇ ನಡೆಯೋಣ, ಬೂಟು ತೊಳೆಯಬಹುದು. ಗೆಳೆಯರಿಗೆ ಇದು ಅತಿಯೆನಿಸಿದರೆ ಮುಂದಿನ ಸಂಚಿಕೆಯಲ್ಲಿ ನನಗೆ ಉತ್ತರ ಕೊಡಲಿ, ಓದಲು ಸಿದ್ಧನಿದ್ದೇನೆ. ಆದರೆ ಉತ್ತರ ಬರೆಯುವ ಮೊದಲು ಒಂದು ಮಳೆಯ ದಿನ ಆ ದಾರಿಯ ಬುಡದಲ್ಲಿ ನಿಂತು, ಕೆಳಗೆ ಬರುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಲಿ.

ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹಾರೆ ಹಾಕುವಂತಿಲ್ಲ, ಅದು ಸರಿಯೂ ಹೌದು. ಆದ್ದರಿಂದ ಹಿಡ್ಲುಮನೆ ಬದಿಯ ದಾರಿಯಲ್ಲಿ ಮುಂಗಾರಿಗೆ ಮುಂಚೆ ಅಡ್ಡಗಾಲುವೆ ಕಡಿಯಲು ಅನುಮತಿ ಕೋರುವ ಅರ್ಜಿಯೊಂದನ್ನು ಬರೆದಿಟ್ಟಿದ್ದೇನೆ. ಸಹಿ ಹಾಕುವವರು ಬರುವ ಭಾನುವಾರದ ಸಭೆಗೆ ಬರಬೇಕು. ಹಳೆಯ ದಾರಿ ಎಲ್ಲೆಲ್ಲಿ ತಿರುಗುತ್ತಿತ್ತೆಂದು ತೋರಿಸಲು ತೊಟ್ಟಿಯ ಹೂಳು ತೆಗೆಯುತ್ತಿದ್ದ ಆ ಹಿರಿಯರು ಒಪ್ಪಿದ್ದಾರೆ. ಅವರ ಮೊದಲ ಸಹಿ ಆಗಲೇ ಬಿದ್ದಿದೆ.